ಕೆಂಪಿರುವೆ

ಮದುಮಗಳ ದಂಡೆಯ ಮಲ್ಲಿಗೆ ಮೊಗ್ಗುಗಳು ಒಂದೊಂದಾಗಿ ಬಿಡಿಸಿಟ್ಟ ಹಾಗೆ ಸ್ಪಷ್ಟವಾಗಿ ಬಂದಿದ್ದವು. ಕಣ್ಣು ಮಾತ್ರ ಮಸುಕು. ವಾಹೀದ ಕಂಪ್ಯೂಟರಿನಲ್ಲಿ ಮುಂದಿನ ಫೋಟೋಕ್ಕೆ ಹೋದಳು. ಅದರಲ್ಲಿ ಮದುಮಗನ ಜರಿ ರುಮಾಲಿನ ಎಳೆ ಎಳೆಯೂ ಕಾಣುತ್ತಿತ್ತು, ಮುಖ ಹಬೆ ಹಿಡಿದ ಗಾಜಿನ ಆಚೆ ಇದ್ದಂತಿತ್ತು.

“ಹೆಂಗ ಬಂದಾವವಾ?” ಬೆನ್ನ ಹಿಂದೆ ಹುಲಿಗೆಪ್ಪನ ದನಿ.

ಅವಳು ಪಟ್ಟನೆ ಚಿತ್ರವನ್ನು ಚಿಕ್ಕದು ಮಾಡಿದಳು. ಚಿಕ್ಕದಾಗಿಸಿದರೆ ಎಲ್ಲ ಫೋಟೋಗಳೂ ಚೆಂದವೇ.

“ಛಲೋ ಬಂದಾವ ಕಾಕಾ.”

“ಮತ್ತ? ಲೆನ್ಸ್ ಯಾವುದದು!” ಎಂದು ಹುಲಿಗೆಪ್ಪ ಹೆಮ್ಮೆಯಿಂದ ಕ್ಯಾಮೆರಾದ ಮೂತಿಯನ್ನು ತನ್ನ ಪಂಚೆಯ ಚುಂಗಿನಿಂದ ಒರೆಸಿದ.

ಗಂಗಾವತಿಯ ಅಕ್ಕಿ ಮಿಲ್ಲುಗಳ ಕಡೆಗೆ ಹೋಗುವ ರಸ್ತೆಯಲ್ಲಿ ಅವನ ಸ್ಟುಡಿಯೋ. ತೌಡಿನ ಧೂಳು ಎಲ್ಲದರ ಮೇಲೂ ಕೂರುತ್ತಿತ್ತು, ಆ ಲೆನ್ಸಿನ ಮೇಲೆ ಮಾತ್ರ ಕೂರಲು ಅವನು ಬಿಟ್ಟವನಲ್ಲ. ರೀಲು ಹಾಕಿ ಫೋಟೋ ತೆಗೆಯುತ್ತಿದ್ದ ಕಾಲದ ಲೆನ್ಸು. ಡಿಜಿಟಲ್ ಕ್ಯಾಮೆರಾ ಕೊಂಡಾಗ ನಡುವೆ ಒಂದು ಲೋಹದ ಜೋಡಣೆ ಕೂರಿಸಿ ಅದನ್ನೇ ಉಳಿಸಿಕೊಂಡಿದ್ದ. ಲೆನ್ಸಿನ ಸುತ್ತಲಿನ ಬಳೆಯನ್ನು ಬೆರಳಿನಿಂದಲೇ ತಿರುಗಿಸಿ ಫೋಕಸ್ ಹಿಡಿಯಬೇಕು. ತಾನೇ ಫೋಕಸ್ ಮಾಡುವ ಲೆನ್ಸೊಂದು ಕಪಾಟಿನಲ್ಲಿತ್ತು. ಅದರ ಮಾತೆತ್ತಿದರೆ, “ಅದರಾಗ ತೆಗೆದರ ಎಲ್ಲಾರೂ ರೇಶನ್ ಕಾರ್ಡಿನ ಫೋಟೋದಂಗ ಕಾಣ್ತಾರ” ಅನ್ನುತ್ತಿದ್ದ.

ವಾಹೀದ ಹತ್ತನೇ ಇಯತ್ತೆ ಮುಗಿಸಿ ಅಲ್ಲಿಗೆ ಕೆಲಸಕ್ಕೆ ಬಂದವಳು. ಈಗ ಅವಳ ಮಗಳೇ ಶಾಲೆಗೆ ಹೋಗುತ್ತಿದ್ದಳು. ಆಲ್ಬಮ್ಮಿನ ಕೆಲಸವೆಲ್ಲ ಅವಳದೇ. ಮುಖವೊಂದಕ್ಕೆ ಬೆಳಕು ಎಲ್ಲಿಂದ ಬಿದ್ದರೆ ಚೆಂದ ಎಂಬುದನ್ನು ಹುಲಿಗೆಪ್ಪ ಅವಳನ್ನು ಕಿಟಕಿಯ ಪಕ್ಕ ನಿಲ್ಲಿಸಿ, ಹಿಟ್ಟಿನ ಜರಡಿ ಅಡ್ಡ ಹಿಡಿದು ಕಲಿಸಿದ್ದ. ಅವನು ತೆಗೆದ ಫೋಟೋ ಹಾಳಾಗಿದೆ ಎಂದು ಅವನಿಗೇ ಹೇಳುವುದು ಹೇಗೆಂದು ಮಾತ್ರ ಕಲಿಸಿರಲಿಲ್ಲ.

ಅದೇ ಮಧ್ಯಾಹ್ನ ಹಿಟ್ನಾಳದಿಂದ ಹಳೇ ಗಿರಾಕಿ ಗುರುಬಸವನ ಫೋನು ಬಂತು. ಅವನ ತಾಯಿ ವಿರೂಪಾಕ್ಷಮ್ಮನಿಗೆ ಮರಿಮಗಳು ಹುಟ್ಟಿದ್ದಳು, ಮುತ್ತಜ್ಜಿಯ ಹೆಸರನ್ನೇ ಇಟ್ಟಿದ್ದರು. ಇಬ್ಬರನ್ನೂ ಕೂಡಿಸಿ ಒಂದು ಫೋಟೋ ಆಗಬೇಕು, ಹುಲಿಗೆಪ್ಪನೇ ಬರಬೇಕು ಎಂದು ಮುದುಕಿ ಹಟ ಹಿಡಿದಿದ್ದಳಂತೆ.

“ಆಮ್ಯಾಲ ಹೇಳ್ತೀನ್ರಿ” ಎಂದು ಹುಲಿಗೆಪ್ಪ ಫೋನಿಟ್ಟ. ಮತ್ತೆ ಲೆನ್ಸನ್ನು ಒರೆಸುತ್ತ, “ವಾಹೀದವ್ವ, ಅವರಿಗೆ ನೀನ ಫೋನ್ ಮಾಡಿ ಹೇಳಿಬಿಡು. ನಾ ಊರಾಗಿಲ್ಲಂತ” ಅಂದ.

ಬಂದ ಕೆಲಸವನ್ನು ಅವನು ಒಲ್ಲೆ ಅಂದದ್ದನ್ನು ಅವಳು ಕೇಳಿದ್ದೇ ಇಲ್ಲ. ಬಹಳ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ಬಾಯಿಗೆ ಬಂತು.

“ಕಾಕಾ, ಒಂದು ಪ್ರೋಗ್ರಾಮ್ ಐತಿ. ಮೆಮೊರಿ ಕಾರ್ಡಿಗೆ ಹಾಕಿ ಕ್ಯಾಮೆರಾದಾಗ ಇಟ್ಟರ, ಫೋಕಸ್ ಎಲ್ಲಿ ಕುಂತೈತಿ ಅನ್ನೂದನ್ನ ಹಿಂದಿನ ಪರದಿ ಮ್ಯಾಲ ಕೆಂಪು ಚುಕ್ಕಿ ಮಾಡಿ ತೋರಿಸ್ತೈತಿ. ನಮ್ಮ ಕ್ಯಾಮೆರಾಕ್ಕ ಹೊಂದತೈತಿ.”

“ಕಂಪನಿಯವರು ಕೊಟ್ಟಾರೇನು?”

“ಇಲ್ರಿ. ಹೊರಗಿನ ಮಂದಿ ಕೂಡಿ ಬರದಾರ. ಒಬ್ಬೊಬ್ಬರು ಒಂದೊಂದು ದೇಶದಾಗ ಅದಾರ. ಸುಮ್ನ ಕೊಡ್ತಾರ. ಕ್ಯಾಮೆರಾ ಕೆಟ್ಟರ ಮಾತ್ರ ನಾವು ಜವಾಬ್ದಾರಿ ಅಲ್ಲ ಅಂತ ಮೊದಲ ಹೇಳಿಬಿಟ್ಟಾರ.”

“ಮಾರಿ ಕಂಡಿಲ್ಲ, ಹೆಸರು ಗೊತ್ತಿಲ್ಲ. ಅಂಥವರ ಕೈಯಾಗ ನನ್ನ ಕ್ಯಾಮೆರಾ ಕೊಡ್ತೀಯಾ?” ಹುಲಿಗೆಪ್ಪನ ದನಿ ಏರಿತು. “ಅಲ್ಲ, ನನಗ ಫೋಕಸ್ ತೋರಿಸಾಕ ಕೆಂಪು ಚುಕ್ಕಿ ಯಾಕ ಬೇಕು?”

ವಾಹೀದ ಕಂಪ್ಯೂಟರಿನ ಕಡೆ ಮುಖ ತಿರುಗಿಸಿದಳು. ತಲೆಯ ಮೇಲೆ ಫ್ಯಾನು ಕಟಕಟ ಅನ್ನುತ್ತಿತ್ತು.

“ಯಾವಾಗಿಂದ ಗೊತ್ತು ನಿನಗ?”

“ಪಂಚಮಿಯಿಂದ, ಕಾಕಾ.”

“ಹಂಗಾರ ಇಷ್ಟು ದಿನ ಆಲ್ಬಮ್ ಹೆಂಗ ಮಾಡಿದಿ?”

“ಛಲೋ ಇದ್ದವನ್ನ ದೊಡ್ಡವು ಮಾಡಿದೆ. ಉಳಿದವನ್ನ ಸಣ್ಣವು ಮಾಡಿದೆ.”

ಹುಲಿಗೆಪ್ಪ ಎದ್ದು ಕ್ಯಾಮೆರಾ ಚೀಲ ಹೆಗಲಿಗೇರಿಸಿ ಹೊರಟುಹೋದ.

ಮರುದಿನ ಅವನು ಸ್ಟುಡಿಯೋಕ್ಕೆ ಬರಲಿಲ್ಲ. ಹಿಟ್ನಾಳಕ್ಕೆ ಇನ್ನೂ ಯಾರೂ ಫೋನು ಮಾಡಿರಲಿಲ್ಲ. ವಾಹೀದ ಶಟರ್ ಅರ್ಧ ಇಳಿಸಿ, ಪ್ರೋಗ್ರಾಮ್ ತುಂಬಿಸಿದ್ದ ಕಾರ್ಡನ್ನು ಪರ್ಸಿನಲ್ಲಿಟ್ಟುಕೊಂಡು ಅವನ ಮನೆಗೆ ಹೋದಳು. ಅವನ ಹೆಂಡತಿ ಪಕ್ಕೀರವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

“ಬಾರವ್ವ. ಒಳಗ ಸಿಟ್ಟು ಮಾಡಿಕೊಂಡು ಕುಂತಾರ. ಯಾರ ಮ್ಯಾಲ ಸಿಟ್ಟು ಅಂತ ಅವರಿಗೂ ಗೊತ್ತಿಲ್ಲ.”

ವಾಹೀದ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ದನಿ ತಗ್ಗಿಸಿದಳು. “ಕಾಕಿ, ಕಾಕಾನ ಕಣ್ಣು...”

“ನನಗ ಹೇಳ್ತೀಯೇನ? ಮೊನ್ನೆ ಚಾದಾಗ ಸಕ್ರಿ ಅಂತ ಉಪ್ಪು ಹಾಕ್ಕೊಂಡ್ರು. ಕಪ್ಪು ಪೂರಾ ಕುಡದ್ರು, ಮಾರಿ ಸೈತ ಕಿವುಚಲಿಲ್ಲ. ನಾನೂ ಕೇಳಲಿಲ್ಲ.”

ಇಬ್ಬರಿಗೂ ನಗೆ ತಡೆಯಲಾಗಲಿಲ್ಲ. ಪಕ್ಕೀರವ್ವ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು.

“ಕಣ್ಣು ಮಂದ ಆಗಿರಬಹುದು,” ಒಳಗಿನಿಂದ ದನಿ ಬಂತು, “ಕಿವಿ ಸರಿ ಅದಾವ.”

ಹುಲಿಗೆಪ್ಪ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಕೈಯಲ್ಲಿ ಚೀಲವಿತ್ತು. “ಕೊಪ್ಪಳದಾಗ ದವಾಖಾನಿಗೆ ತೋರಿಸೇನಿ. ಬಲಗಣ್ಣು ಇನ್ನ ಇಷ್ಟ ಅಂದ್ರು. ಎಡಗಣ್ಣಿಗೆ ಇಂಜೆಕ್ಷನ್ ಮಾಡಿಸಿದರ ಇದ್ದಷ್ಟು ಉಳಿಬಹುದಂತ. ನಡುವ ಮಸುಕು, ಸುತ್ತ ಎಲ್ಲಾ ಕಾಣತೈತಿ.”

ಪಕ್ಕೀರವ್ವನ ಕೈ ರೊಟ್ಟಿಯ ಮೇಲೆ ನಿಂತಿತು. “ಒಬ್ಬರ ಹೋಗಿದ್ರ್ಯಾ?”

“ಕುಷ್ಟಗಿಗೆ ಮದುವಿ ಐತಿ ಅಂತ ಹೋಗಿದ್ದೆನಲ್ಲ, ಅವತ್ತ.”

“ಕಣ್ಣಿಗೆ ಔಷಧ ಬಿಡಿಸಿಕೊಂಡು, ಒಬ್ಬರ ಬಸ್ಸು ಹತ್ತಿ ಬಂದ್ರಿ?”

ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ಅದನ್ನು ಬರಿಗೈಯಲ್ಲೇ ತೆಗೆದು ಪಕ್ಕಕ್ಕಿಟ್ಟ ಪಕ್ಕೀರವ್ವ, “ಇನ್ನ ಮುಂದ ನಾನೂ ಬರ್ತೀನಿ. ಇಂಜೆಕ್ಷನ್ ಚುಚ್ಚಿಸಿಕೊಳ್ಳುವಾಗ ಕೈ ಹಿಡಿಯಾಕ ಯಾರರ ಬೇಕಲ್ಲ” ಎಂದು ಒಲೆಗೆ ಹೇಳುವಂತೆ ಹೇಳಿದಳು.

ಹುಲಿಗೆಪ್ಪ ವಾಹೀದಳ ಮುಂದೆ ಚೀಲ ಇಟ್ಟ. “ಹಾಕು.”

“ಕೆಟ್ಟರ, ಕಾಕಾ?”

“ಕೆಟ್ಟರ ನಿನ್ನ ಮ್ಯಾಲ ಸಿಟ್ಟಾಗಾಕ ಒಂದು ಕಾರಣರ ಸಿಗತೈತಿ. ನಿನ್ನೆ ಕಾರಣ ಇಲ್ಲದ ಸಿಟ್ಟಾಗಿದ್ದೆ.”

ಅವಳು ಕಾರ್ಡು ಹಾಕಿ, ವಿಡಿಯೋದಲ್ಲಿ ನೋಡಿದಂತೆಯೇ ಒಂದೊಂದೇ ಗುಂಡಿ ಒತ್ತಿದಳು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಸರ್ರನೆ ಓಡಿದವು. ಆಮೇಲೆ ಕತ್ತಲಾಯಿತು. ಗುಂಡಿ ಒತ್ತಿದರೂ ಕತ್ತಲೆ, ಬಿಟ್ಟು ಮತ್ತೆ ಒತ್ತಿದರೂ ಕತ್ತಲೆ. ವಾಹೀದಳ ಮಗಳ ಹಾಲುಗಲ್ಲದ ಫೋಟೋ ತೆಗೆದದ್ದು ಇದೇ ಕ್ಯಾಮೆರಾ. ವಾಹೀದಳ ನಿಕಾಹಿನ ಫೋಟೋ ತೆಗೆದದ್ದೂ ಇದೇ.

“ಹೋತೇನವಾ?” ಪಕ್ಕೀರವ್ವ ಪಿಸುಗುಟ್ಟಿದಳು.

ಹುಲಿಗೆಪ್ಪ ಬಯ್ಯಲಿಲ್ಲ. ಕ್ಯಾಮೆರಾ ಇಸಿದುಕೊಂಡು ಬ್ಯಾಟರಿ ಹೊರಗೆ ತೆಗೆದ. ಬೆರಳಲ್ಲೇ ತಡವಿ ಅದರ ಹಿತ್ತಾಳೆ ಚುಕ್ಕಿಗಳನ್ನು ಪಂಚೆಗೆ ಉಜ್ಜಿದ, ಉಫ್ ಎಂದು ಊದಿ, ಒಳಗೆ ತಳ್ಳಿ ಮುಚ್ಚಳ ಹಾಕಿದ. “ಮುದುಕ ಐತಿ. ಎಬ್ಬಿಸಿದ ಕೂಡಲೆ ಏಳಂಗಿಲ್ಲ” ಅಂದ.

ಪರದೆ ಹೊತ್ತಿಕೊಂಡಿತು.

“ಇದೇನಿದು, ಕೆಂಪಿರಿವಿ ಹತ್ಯಾವ!” ಎಂದ ಹುಲಿಗೆಪ್ಪ.

ರೊಟ್ಟಿ ಬುಟ್ಟಿಯ ಅಂಚಿನ ತುಂಬ ಕೆಂಪು ಚುಕ್ಕೆಗಳು ಮಿಣಿಮಿಣಿ ಅನ್ನುತ್ತಿದ್ದವು. ಹುಲಿಗೆಪ್ಪ ಲೆನ್ಸಿನ ಬಳೆ ತಿರುಗಿಸಿದ. ಇರುವೆಗಳು ಬುಟ್ಟಿ ಬಿಟ್ಟು ಪಕ್ಕೀರವ್ವನ ಹಸಿರು ಬಳೆಗೆ ಹತ್ತಿದವು, ತೋಳು ದಾಟಿದವು, ಮೂಗುಬೊಟ್ಟಿನ ಮೇಲೆ ಕೊಂಚ ತಂಗಿ ರೆಪ್ಪೆಗೆ ಹೋಗಿ ನಿಂತವು. “ಈಗ ನಿನ್ನ ರೆಪ್ಪಿಗೆ ಹತ್ಯಾವ” ಅಂದ.

“ನನ್ನ ಮಾರಿ ಮ್ಯಾಲ ಇರಿವಿನಾ?”

“ಅಲುಗಾಡಬ್ಯಾಡ.”

ಕ್ಯಾಮೆರಾ ಕ್ಲಿಕ್ಕೆಂದಿತು. ಅವನು ಪರದೆಯನ್ನು ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ವಾಹೀದಳ ಕೈಗೆ ಕೊಟ್ಟ. “ನೀ ನೋಡು. ಖರೆ ಹೇಳು.”

ಅವಳು ಚಿತ್ರವನ್ನು ದೊಡ್ಡದು ಮಾಡಿದಳು. ಇನ್ನೂ ದೊಡ್ಡದು ಮಾಡಿದಳು. ರೆಪ್ಪೆಗಳ ಮೇಲೆ ಕೂತ ಜೋಳದ ಹಿಟ್ಟು ಕಾಣಿಸಿತು. “ಖರೇನ ಛಲೋ ಬಂದೈತಿ ಕಾಕಾ” ಅಂದಳು.

ಆ ವಾರವೇ ಮೂವರೂ ಹಿಟ್ನಾಳಕ್ಕೆ ಹೋದರು. ಮನೆಯ ಒಳಗೆ ಬೆಳಕು ಸಾಲದೆಂದು ಹುಲಿಗೆಪ್ಪ ವಿರೂಪಾಕ್ಷಮ್ಮನನ್ನು ಅಂಗಳದ ಕಟ್ಟೆಯ ಮೇಲೆ ಕೂರಿಸಿದ. ಕೂಸು ಅವಳ ತೊಡೆಯ ಮೇಲಿತ್ತು. ಮನೆಮಂದಿಯೆಲ್ಲ ಸುತ್ತ ನೆರೆದಿದ್ದರು. ಅವನು ಕ್ಯಾಮೆರಾ ಎತ್ತಿದ, ಇಳಿಸಿದ, ಮತ್ತೆ ಎತ್ತಿದ.

“ವಾಹೀದವ್ವ,” ಮೆಲ್ಲಗೆ ಕರೆದ. “ಬಿಸಲಾಗ ಪರದಿ ಬೆಳ್ಳಗಾಗೇತಿ. ಏನೂ ಕಾಣವಲ್ದು.”

ಯಾರೋ ಹಿಂದೆ ಗುಸುಗುಸು ಅಂದರು. ವಾಹೀದ ಆಚೆ ಈಚೆ ನೋಡಲಿಲ್ಲ. ತಲೆಯ ಮೇಲಿನ ಕಪ್ಪು ಓಢಣಿಯನ್ನು ತೆಗೆದು, ಕ್ಯಾಮೆರಾಕ್ಕೂ ಅವನ ತಲೆಗೂ ಸೇರಿಸಿ ಹೊದಿಸಿ ಎರಡೂ ತುದಿ ಹಿಡಿದು ನಿಂತಳು. ಪಕ್ಕೀರವ್ವ ತನ್ನ ಸೆರಗಿನ ಚುಂಗನ್ನು ಅವಳ ತಲೆಯ ಮೇಲೆ ಚಾಚಿ ಹಿಡಿದಳು.

ವಿರೂಪಾಕ್ಷಮ್ಮ ಬೊಚ್ಚು ಬಾಯಿ ಬಿಟ್ಟು ನಕ್ಕಳು. “ನಾ ಸಣ್ಣಾಕಿ ಇದ್ದಾಗ ಫೋಟೋದವ ಹಿಂಗ ಕರೇ ಅರಿವಿ ಹೊದ್ದು ನಿಂತಿರತಿದ್ದ. ಕ್ಯಾಮೆರಾಕ್ಕ ಹೊಸಾದೇನೋ ಹಾಕ್ಸೀಯಂತ, ಇದು ಹಳೇದ ಆತಲ್ಲೋ ಹುಲಿಗೆಪ್ಪಾ!”

“ಹಂಗ ನಕ್ಕೋಂತ ಇರ್ರೀ ಅಮ್ಮಾ” ಎಂದು ಅರಿವೆಯೊಳಗಿನಿಂದ ದನಿ ಬಂತು. ಆಮೇಲೆ ವಾಹೀದಳಿಗಷ್ಟೇ ಕೇಳುವಂತೆ, “ಒಳಗ ಭಾಳ ಸೆಕಿ ಐತಿ. ಆದ್ರೂ ಅರಿವಿ ತೆಗೀಬ್ಯಾಡವಾ.”

ಹೈವೇ ಕಡೆಯಿಂದ ಗಾಳಿ ಬೀಸಿತು. ಕೂಸು ಕಣ್ಣು ತೆರೆದು, ಮುತ್ತಜ್ಜಿಯ ಗದ್ದದ ಕಡೆಗೆ ಮುಷ್ಟಿ ಎತ್ತಿತು. ಪಟಪಟ ಹೊಡೆದುಕೊಳ್ಳುತ್ತಿದ್ದ ಓಢಣಿಯ ಒಂದು ತುದಿಯನ್ನು ವಾಹೀದ ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಒಳಗೆ ಹುಲಿಗೆಪ್ಪನ ಬೆರಳು ಲೆನ್ಸಿನ ಬಳೆಯನ್ನು ಕೂದಲೆಳೆಯಷ್ಟು ತಿರುಗಿಸಿ, ನಿಂತಿತು.