ಜಾನೆ, ದಾನೆ

ವಾರಿಜಾ ಉಡುಪಿಯ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರಾಗಿ ಸೇರಿದ್ದು ೧೯೭೮ರಲ್ಲಿ. ಕಾಪುವಿನ ಮೀನುಗಾರ ಹೂವಪ್ಪನ ಮಗಳು. ಅವರ ಮನೆಯ ತುಳುವಿನಲ್ಲಿ ‘ಏನು’ ಎಂಬುದಕ್ಕೆ ‘ದಾನೆ’. ಕಾಲೇಜಿನಲ್ಲಿ ಮೂರು ವರ್ಷ ಪಕ್ಕದಲ್ಲಿ ಕೂರುತ್ತಿದ್ದ ನಳಿನಾಕ್ಷಿ ಅರ್ಚಕರ ಮನೆಯವಳು. ಬ್ರಾಹ್ಮಣರ ತುಳುವಿನಲ್ಲಿ ಅದೇ ಮಾತು ‘ಜಾನೆ’. ಸಹವಾಸದಿಂದ ಆ ತುಳುವೂ ವಾರಿಜಾಳ ನಾಲಿಗೆಗೆ ಹತ್ತಿತ್ತು.

ವಕೀಲ ಜನಾರ್ದನ ರಾಯರು ವಾರಕ್ಕೆರಡು ಸಲ ಬೊಂಬಾಯಿಯ ಮಗಳಿಗೆ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದರು. ಮೊದಲ ದಿನ ಅವರು ‘ಜಾನೆ’ ಎಂದರು, ಇವಳೂ ಅದೇ ತುಳುವಿನಲ್ಲಿ ಉತ್ತರಿಸಿದಳು. ಅಷ್ಟೇ. ಬೇಕೆಂದು ಮಾಡಿದ್ದಲ್ಲ. ಲೈನ್ ಸಿಗುವವರೆಗೆ ರಾಯರು ಊಟ ಆಯಿತಾ ಎಂದು ವಿಚಾರಿಸುವರು, ಸೆಖೆಯನ್ನು ಬಯ್ಯುವರು. ವಾರಿಜಾಳಿಗೆ ಇದು ಹಿತವಾಗಿತ್ತು. ಮಲ್ಪೆಯ ಮೀನಿನ ವ್ಯಾಪಾರಿ ಬೂಬಣ್ಣ ಫೋನಿನಲ್ಲಿ ‘ದಾನೆ’ ಎಂದರೆ ಮಾತ್ರ ಅವಳು ಪುಸ್ತಕದ ಕನ್ನಡದಲ್ಲಿ, ದಯವಿಟ್ಟು ಕಾಯಿರಿ, ಎನ್ನುತ್ತಿದ್ದಳು.

ಆರು ತಿಂಗಳಾದ ಮೇಲೆ ರಾಯರು ಒಂದು ದಿನ ತುಸು ತಡವರಿಸಿ ತುಳುವಿನಲ್ಲಿ ಕೇಳಿದರು, “ಮಗಾ, ನಿನ್ನ ಜಾತಕ ಉಂಟಾ? ನನ್ನ ತಂಗಿಯ ಮಗ ಹಯಗ್ರೀವ ಕಾರ್ಕಳದಲ್ಲಿ ಬ್ಯಾಂಕಿನಲ್ಲಿದ್ದಾನೆ, ಒಳ್ಳೆಯ ಹುಡುಗ.”

ವಾರಿಜಾಳಿಗೆ ನಗು ಬಂತು.

“ನಾವು ಮೊಗವೀರರು ರಾಯರೇ. ಕಾಪುವಿನಲ್ಲಿ ಅಪ್ಪನ ದೋಣಿ ಉಂಟು.”

ರಾಯರು ಅಚ್ಚ ಕನ್ನಡದಲ್ಲಿ, “ಬೊಂಬಾಯಿ ಸಿಕ್ಕಿದರೆ ದಯವಿಟ್ಟು ತಿಳಿಸಿ” ಎಂದರು.

ಅಂದಿನಿಂದ ಅವರದು ಕನ್ನಡವೇ. ‘ನೀನು’ ಹೋಗಿ ‘ನೀವು’ ಬಂತು. ಮರ್ಯಾದೆ ಹೆಚ್ಚಾದದ್ದು ಇಷ್ಟು ನೋಯಿಸುತ್ತದೆಂದು ವಾರಿಜಾಳಿಗೆ ಗೊತ್ತಿರಲಿಲ್ಲ. ಪಕ್ಕದ ಬೋರ್ಡಿನ ಕುಶಲಾಳ ಹತ್ತಿರ ಹೇಳಿಕೊಂಡಳು. ಕುಶಲಾ ಪ್ಲಗ್ ಚುಚ್ಚುತ್ತಲೇ, “ನೀನು ಬೂಬಣ್ಣನಿಗೆ ಮಾಡುವುದು ಎಂತ ಮತ್ತೆ?” ಎಂದಳು.

ವಾರಿಜಾ ಆ ದಿನ ಸರಿಯಾಗಿ ಉಣ್ಣಲಿಲ್ಲ. ಮರುದಿನ ಬೂಬಣ್ಣನ ಕರೆ ಬಂದಾಗ ಅಪ್ಪಟ ಕಾಪುವಿನ ತುಳುವಿನಲ್ಲಿ, ದಾನೆ ಬೂಬಣ್ಣ, ಎಂದಳು. ಆತ ರಾಂಗ್ ನಂಬರೆಂದು ಫೋನಿಟ್ಟುಬಿಟ್ಟ. ಎರಡನೆಯ ಸಲ ಹೂವಪ್ಪನ ಮಗಳೆಂದು ತಿಳಿದು, ಬಂಗುಡೆಯ ದರದಿಂದ ಹಿಡಿದು ತನ್ನ ಮಂಡಿನೋವಿನವರೆಗೆ ಎಲ್ಲ ಹೇಳಿದ. ರಾಯರೊಡನೆಯೂ ಅವಳು ಅದೇ ತುಳು ಆಡತೊಡಗಿದಳು. ಅವರು ಕನ್ನಡ, ಇವಳು ತುಳು. ಮೂರು ತಿಂಗಳು ಹೀಗೇ ನಡೆಯಿತು.

ಒಂದು ಮಧ್ಯಾಹ್ನ ಬೊಂಬಾಯಿಯಿಂದಲೇ ರಾಯರಿಗೆ ಅರ್ಜೆಂಟ್ ಕಾಲ್ ಬಂತು. ವಾರಿಜಾ ಜೋಡಿಸಿಕೊಟ್ಟಳು. ಮೂರು ನಿಮಿಷ ಮುಗಿದು ಆ ತುದಿ ಕಡಿದರೂ ರಾಯರು ಫೋನಿಡಲಿಲ್ಲ.

“ಮಗಾ, ಇದ್ದೀಯಾ? ಮಗಳಿಗೆ ಹೆಣ್ಣು ಮಗು. ತಾಯಿ ಮಗು ಚೆನ್ನಾಗಿದ್ದಾರೆ,” ಎಂದರು, ತುಳುವಿನಲ್ಲಿ. ದನಿ ಒದ್ದೆಯಾಗಿತ್ತು. ಮಗು ಯಾರ ಹಾಗೆ ಉಂಟು ಎಂದು ವಾರಿಜಾ ಕೇಳಿದಳು. ಫೋನಿನಲ್ಲಿ ಹೇಗೆ ನೋಡುವುದು ಮಾರಾಯ್ತಿ, ಎಂದು ರಾಯರು ನಕ್ಕರು.

ಮುಂದಿನ ವಾರ ಅವರು ಮತ್ತೆ ಕನ್ನಡದಲ್ಲೇ ಶುರುಮಾಡಿದರು. ಆದರೆ ಮಗುವಿನ ಸುದ್ದಿ ಬಂದ ಕೂಡಲೇ ತುಳುವಿಗೆ ಜಾರಿದರು. ಮಗುವಿನ ಸುದ್ದಿ ಬಹಳ ಇತ್ತು.