ಜಾರದ ಗಂಟು

"ಇಷ್ಟು ಬಿಗೀಬೇಡ ಕಣೇ. ಸಾವಿನ ಹೂವ ಸಡ್ಲ ಕಟ್ಬೇಕು. ದಾರೀಲಿ ಕಿತ್ತು ಎಸೀಬೇಕಲ್ಲ," ಎನ್ನುತ್ತ ಪಕ್ಕದ ಮನೆಯ ಲಕ್ಷ್ಮಿದೇವಮ್ಮ ಸಂಘಮಿತ್ರಾಳ ಮಡಿಲಿನಲ್ಲಿದ್ದ ಸೇವಂತಿಗೆ ಹಾರದ ತುದಿಯನ್ನು ಎಳೆದಳು.

ಒಂದು ಹೂವೂ ಅಲುಗಲಿಲ್ಲ. ಸಂಘಮಿತ್ರಾ ತುದಿಯನ್ನು ಮೆಲ್ಲನೆ ಬಿಡಿಸಿಕೊಂಡು ಮುಂದಿನ ಹೂವಿಗೆ ದಾರ ಸುತ್ತಿದಳು. ಹೆಗ್ಗನಹಳ್ಳಿಯ ಆ ಗಲ್ಲಿಯಲ್ಲಿ, ಶಾಮಿಯಾನದ ಕೆಳಗೆ, ಅತ್ತೆ ಪಟಾಲಮ್ಮ ಹಣೆತುಂಬ ಕುಂಕುಮವಿಟ್ಟು ಮಲಗಿದ್ದಳು. ಜೀವಮಾನವಿಡೀ ಮದುವೆಗೂ ಮಸಣಕ್ಕೂ ಹೂವು ಕಟ್ಟಿ ಮಾರಿದವಳು. ಅವಳ ಕೊನೆಯ ಹಾರ ಅವಳೇ ಕಲಿಸಿದ ಗಂಟಿನಲ್ಲಿರಬೇಕು, ಬಿಚ್ಚದೆ ಅವಳೊಂದಿಗೆ ಮಣ್ಣು ಸೇರಬೇಕು. ಸೊಸೆಗೆ ಬೇಕಾದದ್ದು ಇಷ್ಟೇ.

"ವಿಮಾನದ ಗಂಟಂತೆ," ಲಕ್ಷ್ಮಿದೇವಮ್ಮ ಬಂದವರಿಗೆ ಹೇಳಿದಳು. "ಶೆಡ್ಡಲ್ಲಿ ಕಸ ಗುಡಿಸ್ತಿದ್ದೋಳು, ವಿಮಾನದ ರೆಕ್ಕೆ ನಾನೇ ಕಟ್ಟಿದೆ ಅಂತಿದ್ಲು. ಪಾಪ, ಒಳ್ಳೇ ಜೀವ."

ಕಂಬಕ್ಕೊರಗಿದ್ದ ಮಾವ ಬೈರಯ್ಯ ತಲೆಯೆತ್ತಿದ. "ಅಂತಿದ್ಲು ಅಲ್ಲ. ಕಟ್ಟಿದ್ಲು."

"ಯಾರು ನೋಡಿದಾರೆ ಬಿಡಣ್ಣ."

* * *

ಹೇರೋಹಳ್ಳಿಯಲ್ಲಿ ಇನ್ನೂ ರಾಗಿ ಹೊಲಗಳಿದ್ದ ಕಾಲ. ಹವ್ಯಾಸಕ್ಕೆ ವಿಮಾನ ಹಾರಿಸುತ್ತಿದ್ದ ಸುಧೀಂದ್ರ ತನ್ನ ತಂದೆಯಿಂದ ಬಂದ ಎರಡು ಸೀಟಿನ ಹಳೇ ವಿಮಾನವನ್ನು, ಎಂಜಿನ್ ಕೈಕೊಟ್ಟು, ಅಲ್ಲಿ ಕೆಡವಿದ್ದ. ಅವನ ಕಾಲು ಮುರಿಯಿತು, ಮರ ಮತ್ತು ಬಟ್ಟೆಯ ರೆಕ್ಕೆಗಳು ಚೂರಾದವು. ಎಲ್ಲವನ್ನೂ ಬಾಚಿ, ಹತ್ತಿರದ ಶ್ರೀಗಂಧದ ಕಾವಲು ಎಂಬ ಊರಿನ ತನ್ನ ಶೆಡ್ಡಿಗೆ ತಂದು, ಬೈರಯ್ಯನನ್ನು ಕಾವಲಿಗಿಟ್ಟು, ಬಿಡುವಾದಾಗಲೆಲ್ಲ ಜೋಡಿಸುತ್ತ ಕೂತ. ಬೈರಯ್ಯನ ಮಗ ಸಿದ್ದೇಶ್ ಹುಟ್ಟಿ ಬೆಳೆದು, ಸಂಘಮಿತ್ರಾ ಸೊಸೆಯಾಗಿ ಬಂದರೂ ಆ ಕೆಲಸ ಮುಗಿದಿರಲಿಲ್ಲ.

ರೆಕ್ಕೆಯ ಮರದ ಪಟ್ಟಿಗಳಿಗೆ ಬಟ್ಟೆಯನ್ನು ದಾರದಿಂದ ಬಿಗಿಯುವ ಕೆಲಸ ಬಂದಾಗ, ಗಂಡನಿಗೆ ಬುತ್ತಿ ತಂದು ಶೆಡ್ಡಿನ ಕಸ ಗುಡಿಸುತ್ತಿದ್ದ ಪಟಾಲಮ್ಮ, "ಹೂ ಕಟ್ಟೋ ಕೈ ಸಾರ್, ಕೊಡಿ ಇಲ್ಲಿ" ಎಂದಳು. ಒಂದು ರೆಕ್ಕೆಯನ್ನು ಹೂವಿನ ಗಂಟಿನಲ್ಲೇ ಸರಸರನೆ ಕಟ್ಟಿದಳು. ಸುಧೀಂದ್ರ ಒಂದು ಕಡೆ ದಾರ ಕತ್ತರಿಸಿ ಬೆರಳಲ್ಲಿ ಎಳೆದ. ಇಡೀ ಸಾಲು ಜಾರಿ ಬಂತು.

"ಒಂದು ಗಂಟು ಕಿತ್ಹೋದ್ರೂ ಪಕ್ಕದ್ದು ನಿಲ್ಬೇಕು ಅಮ್ಮ. ಮೇಲೆ ಗಾಳಿ ಸುಮ್ನೆ ಬಿಡಲ್ಲ."

ಪಟಾಲಮ್ಮ ಕತ್ತರಿ ಈಸಿಕೊಂಡು ತಾನು ಕಟ್ಟಿದ್ದನ್ನೆಲ್ಲ ತಾನೇ ಕತ್ತರಿಸಿದಳು. ಅವನು ತೋರಿಸಿದ ಗಂಟನ್ನು ಮನೆಗೆ ಬಂದು ಸೊಸೆಯ ಜೊತೆ ಕೂತು ಕನಕಾಂಬರದ ಮೇಲೆ ರೂಢಿಸಿಕೊಂಡಳು. ಅದೇ ಗಂಟಿನಲ್ಲಿ ಎರಡೂ ರೆಕ್ಕೆಗಳನ್ನು ಕಟ್ಟಿ ಮುಗಿಸಿದಳು. ಆಮೇಲೆ ಅವಳ ಕೈಗೆ ಬೇರೆ ಗಂಟೇ ಬಾರದಾಯಿತು.

"ಎರಡು ಹೂ ಬಿಡಿಸ್ಕೊಳೋಕೆ ಕತ್ತರಿ ತರ್ಬೇಕಾ ಪಟಾಲಮ್ಮ?" ಎಂದು ಹೂ ಕೊಂಡವರು ಬೈದರೆ, ಅವಳು ಸೆರಗು ಸರಿಮಾಡಿಕೊಂಡು ಹೇಳುತ್ತಿದ್ದಳು:

"ಆಕಾಶದಲ್ಲೇ ಬಿಚ್ಚದಿರೋ ಗಂಟು ಕಣವ್ವ. ನಿನ್ನ ಜಡೇಲಿ ಬಿಚ್ಚುತ್ತಾ?"

ರೆಕ್ಕೆಯ ಗಂಟುಗಳ ಮೇಲೆ ಬಟ್ಟೆಯ ಪಟ್ಟಿ ಅಂಟಿಸಿ ಬಣ್ಣ ಬಳಿದರು. ವಿಮಾನ ಹಾರಿತು. ಅವಳ ಕೈಕೆಲಸ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

* * *

ತಮಟೆ ಶುರುವಾಯಿತು. ತಲೆಯಿಂದ ಪಾದದವರೆಗೆ ಹಾರ ಹೊದಿಸಿದ ಚಟ್ಟದ ಮೇಲೆ ಸಿದ್ದೇಶ್ ಬಾಗಿ ಒಂದು ಹೂವು ಕೀಳಲು ಎಳೆದ. ಬರಲಿಲ್ಲ.

"ಕತ್ತರಿ ತಗೊಂಬಾರೋ," ಲಕ್ಷ್ಮಿದೇವಮ್ಮ ಕೂಗಿದಳು. "ದಾರೀಲಿ ಹೂ ಎಸೀದೆ ಕಳಿಸೋಕಾಗುತ್ತಾ?"

"ಕತ್ತರಿಸ್ಬೇಡಿ."

ಎಲ್ಲರೂ ತಿರುಗಿ ನೋಡಿದರು. ಇಷ್ಟು ಜನ ಗಂಡಸರ ನಡುವೆ ಸಂಘಮಿತ್ರಾ ಮಾತಾಡಿದ್ದು ಅದೇ ಮೊದಲು.

"ಶಾಸ್ತ್ರ ಕಣೇ ಅದು."

ಅಷ್ಟರಲ್ಲಿ ಕೋಲೂರಿಕೊಂಡು ಕುಂಟುತ್ತ ಬಂದ ಸುಧೀಂದ್ರ ಬಾಗಿ ಹಾರವನ್ನು ಮುಟ್ಟಿದ. ಹೂವಿನ ಸಂದಿಯಲ್ಲಿ ಬೆರಳು ತೂರಿಸಿ ಒಂದೊಂದೇ ಗಂಟನ್ನು ಸವರಿ ನೋಡಿದ.

"ಯಾರು ಕಟ್ಟಿದ್ದು?"

"ನಾನು. ಅತ್ತೆ ಹೇಳ್ಕೊಟ್ಟಿದ್ದು."

ಅವನು ತಾನು ತಂದಿದ್ದ ಅಂಗಡಿಯ ಹಾರವನ್ನು ಸಿದ್ದೇಶನ ಕೈಗಿಟ್ಟ. "ಎಸೆಯೋಕೆ ಇದನ್ನ ತಗೋ." ಆಮೇಲೆ ಲಕ್ಷ್ಮಿದೇವಮ್ಮನ ಕಡೆ ತಿರುಗಿದ. "ಈ ಗಂಟನ್ನ ನಂಬ್ಕೊಂಡು ನಾನು ಮೇಲೆ ಹೋಗಿ ಕೆಳಗೆ ಬಂದಿದೀನಿ ತಾಯಿ. ಇದು ಹಾಗೇ ಇರ್ಲಿ."

ಬೈರಯ್ಯ ಎದ್ದು ನಿಂತು ಹೆಗಲ ಮೇಲಿನ ಟವೆಲ್ ಕೊಡವಿ ಹಾಕಿಕೊಂಡ.

ಚಟ್ಟ ಎದ್ದಿತು. ಹೆಂಗಸರು ಗಲ್ಲಿಯ ತುದಿಯಲ್ಲೇ ನಿಂತರು. ಅಂಗಡಿಯ ಹೂವು ದಾರಿಯುದ್ದಕ್ಕೂ ಉದುರುತ್ತ ಹೋಯಿತು. ತಿರುವಿನ ಹಳ್ಳದಲ್ಲಿ ಒಂದು ಹೆಗಲು ತಗ್ಗಿ ಚಟ್ಟ ವಾಲಿತು. ಮಾಗಡಿ ರಸ್ತೆಯ ಕಡೆಯಿಂದ ಬೀಸಿದ ಗಾಳಿಗೆ ಪಟಾಲಮ್ಮನ ಸೆರಗು ಹಾರಿತು, ಹಾರದ ಹೂವುಗಳೆಲ್ಲ ಒಟ್ಟಿಗೆ ಅದುರಿದವು. ಚಟ್ಟ ಮತ್ತೆ ನೇರವಾಗಿ ಮುಂದೆ ಸಾಗಿದಾಗ ಸಂಘಮಿತ್ರಾ ಆ ಹಳ್ಳದವರೆಗೆ ಓಡಿ ಹೋಗಿ ನೋಡಿದಳು. ನೆಲದಲ್ಲಿ ಅವಳು ಕಟ್ಟಿದ ಹೂವು ಒಂದೂ ಇರಲಿಲ್ಲ.