ಅಕ್ಕನ ಹೆಸರಿನ ಮನೆ

ಒಂದು ಸಹಿಯ ದೆಸೆಯಿಂದ ಅಕ್ಕ-ತಮ್ಮ ಮಾತು ಬಿಟ್ಟು ಇಪ್ಪತ್ತು ದಿನವಾಗಿತ್ತು. ಇರೋದು ಎರಡೇ ಕೋಣೆ, ಮುಖ ತಪ್ಪಿಸೋಕೂ ಜಾಗವಿಲ್ಲ. ಬೀದಿ ಕಡೆಯ ಕೋಣೆಯಲ್ಲಿ ಅಮ್ಮನ ಹೊಲಿಗೆ ಮೆಷಿನ್ನು, ಪಕ್ಕದಲ್ಲೇ ಅಂಗಿಯ ಗುಂಡಿಗೆ ಕಾಜಾ ಹಾಕುವ ಅಕ್ಕ. ಒಳಕೋಣೆಯಲ್ಲಿ ಸೈಕಲ್ ರಿಪೇರಿ ಮಾಡುವ ತಮ್ಮ, ಅವನ ತುಂಬು ಬಸುರಿ ಹೆಂಡತಿ. ಮಹಡಿ ಮೇಲೊಂದು ಕೋಣೆ ಎಬ್ಬಿಸೋಣ ಅಂತ ತಮ್ಮ ಪರವಾನಗಿ ಕೇಳೋಕೆ ನಗರಸಭೆ ಕಚೇರಿಗೆ ಹೋದರೆ, "ಮನೆ ನಿಮ್ಮಕ್ಕನ ಹೆಸರಲ್ಲಿದೆಯಲ್ರೀ, ಅವರ ಸಹಿ ತನ್ನಿ" ಅಂದರು.

ಅಕ್ಕ ಸಹಿ ಹಾಕಲಿಲ್ಲ.

"ಅಮ್ಮಾ, ಗೋಡೆಗೆ ಮೊಳೆ ಹೊಡೀಬಹುದಾ ಅಂತ ಮನೆ ಯಜಮಾನಿಯವರನ್ನ ಕೇಳು," ಅಂತಿದ್ದ ತಮ್ಮ, ಎದುರಿಗೇ ಕೂತ ಅಕ್ಕನನ್ನು ನೋಡದೆ.

"ಗೋಡೆಗೆ ಹೊಡೀಲಿ, ನನ್ನ ತಲೆಗೆ ಬೇಡ ಅನ್ನಮ್ಮ," ಅಂತಿದ್ದಳು ಅವಳು.

ಅವಳಿಗೆ ಮನೆಯ ಆಸೆಯಲ್ಲ. ಹನ್ನೆರಡನೇ ವಯಸ್ಸಿಗೇ ಶಾಲೆ ಬಿಟ್ಟು ಸೂಜಿ ಹಿಡಿದವಳು. ತನ್ನ ಜಡ್ಡುಗಟ್ಟಿದ ಬೆರಳು ನೋಡಿಯೇ ಅಮ್ಮ ಈ ಮನೆ ಕೊಟ್ಟಳು ಅಂತ ನಂಬಿದ್ದಳು. ಸಹಿ ಹಾಕಿದರೆ ಆ ಪ್ರೀತಿಯೇ ಕೈತಪ್ಪಿದ ಹಾಗೆ.

ಒಂದು ದಿನ ಪ್ಯಾಂಟಿನ ಉದ್ದ ಕಡಿಮೆ ಮಾಡಿಸೋಕೆ ನೋಂದಣಿ ಕಚೇರಿ ಮುಂದೆ ಪತ್ರ ಬರೆಯುವವರೊಬ್ಬರು ಬಂದರು. ಆಸ್ತಿಪತ್ರ ಬರೆದೂ ಬರೆದೂ ತಲೆ ನರೆತವರು. ಅಮ್ಮ ಅವರ ಮುಂದೆ ಗೋಳು ತೋಡಿಕೊಂಡಳು.

"ಒಂದು ವಿಲ್ ಬರೆದು ಇಬ್ಬರಿಗೂ ಸಮ ಅಂದ್ಬಿಡ್ತೀನಿ ಸಾರ್. ಕೊಂಡೋಳು ನಾನಲ್ವಾ?"

"ಕೊಂಡೋರು ನೀವೇ ಅಮ್ಮ, ಪತ್ರದಲ್ಲಿರೋದು ಮಗಳು. ನಿಮ್ಮ ವಿಲ್ಲಿನಿಂದ ಅಷ್ಟು ಸುಲಭಕ್ಕೆ ಆಗೋ ಕೆಲಸ ಅಲ್ಲ. ನಾಳೆ ನೀವಿಲ್ಲದಾಗ ಮಗ 'ಹೆಸರಷ್ಟೇ ಅಕ್ಕನದು, ಮನೆ ಅಮ್ಮನದು' ಅಂದ್ರೆ, ಅದನ್ನ ಅವನೇ ಸಾಬೀತು ಮಾಡಬೇಕು."

"ನನ್ನ ಮಕ್ಕಳು ಕೋರ್ಟಿಗೆ ಹೋಗ್ತಾರಾ? ಒಂದೇ ತಟ್ಟೇಲಿ ಉಂಡೋರು!"

"ಅಲ್ಲಿ ಬೆಂಚಿನ ಮೇಲೆ ಕಾಯ್ತಾ ಕೂತಿರೋರೂ ಒಂದೇ ತಟ್ಟೇಲಿ ಉಂಡೋರೇ ತಾಯಿ. ಈಗಲೇ ಹೇಳಿ, ಮಗಳ ಹೆಸರಿಗೆ ಯಾಕೆ ಮಾಡಿಸಿದ್ರಿ?"

ಅಕ್ಕನ ಸೂಜಿ ನಿಂತಿತು. ತಮ್ಮ ಒಳಬಾಗಿಲಿಗೆ ಬಂದು ನಿಂತ.

ಅಮ್ಮ ನಕ್ಕಳು. "ಇಬ್ಬರ ಹೆಸರೂ ಹಾಕ್ಸೋಣ ಅಂತಲೇ ಇದ್ದೆ. ನೋಂದಣಿ ದಿನವೇ ಈ ಮಹಾರಾಯನಿಗೆ ಮಂಗನಬಾವು! ಊದಿದ ಕೆನ್ನೆ ಹೊತ್ಕೊಂಡು ಹೊರಗೆ ಬರಲ್ಲ ಅಂತ ಮಲಗಿಬಿಟ್ಟ. ಇವಳೊಬ್ಬಳೇ ಬಂದಳು, ಇವಳ ಹೆಸರಿಗೇ ಆಯ್ತು."

ಮಕ್ಕಳು ನಗಲಿಲ್ಲ.

"ಹಾಗಾದ್ರೆ ನನಗೆ ಅಂತ ಕೊಟ್ಟಿದ್ದಲ್ವಾ ಅಮ್ಮ?" ಅಕ್ಕನ ದನಿ ಸಣ್ಣಗಾಗಿತ್ತು.

ಅಮ್ಮನ ನಗು ಅಲ್ಲೇ ಆರಿತು. ಮಗಳ ಕೈಯೆಳೆದು ಬೆರಳು ಸವರಿದಳು. "ಆವತ್ತು ಅಷ್ಟೆಲ್ಲ ಯೋಚಿಸಿರಲಿಲ್ಲ ಮಗಳೇ. ಯೋಚಿಸಬೇಕಿತ್ತು. ಈಗ ಹೇಳ್ತೀನಿ, ಈ ಬೀದಿ ಕೋಣೆ ನಿನ್ನ ದುಡಿಮೇದು, ನಿನಗೇ. ಒಳಗಿನದೂ ಮೇಲೆ ಕಟ್ಟೋದೂ ಅವನಿಗೆ. ನೀನು ಒಪ್ಪಿದ್ರೆ ಮಾತ್ರ."

"ಅಕ್ಕಾ," ಅಂದ ತಮ್ಮ. ಇಪ್ಪತ್ತು ದಿನದಲ್ಲಿ ಮೊದಲ ಸಲ. "ನಾನು ಶಾಲೆ ಓದಿದ್ದೇ ನಿನ್ನ ಕಾಜಾದಿಂದ ಕಣಕ್ಕಾ. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ."

ಅಕ್ಕ ಕೈಲಿದ್ದ ಅಂಗಿಯಿಂದಲೇ ಕಣ್ಣೊರೆಸಿಕೊಂಡಳು.

"ಅಯ್ಯೋ, ಗಿರಾಕಿ ಅಂಗಿ ಕಣೇ ಅದು!" ಅಂತ ಅಮ್ಮ ಕಿತ್ತುಕೊಂಡಳು.

"ಸಹಿಗೆ ಯಾವತ್ತು ಬರ್ಲಿ ಸಾರ್?" ಅಂತ ಕೇಳಿದಳು ಅಕ್ಕ.

"ಮೂವರೂ ಬನ್ನಿ. ವಕೀಲರಿಗೆ ತೋರಿಸಿ ಬರೆಯೋಣ, ನೋಂದಣಿನೂ ಮಾಡಿಸೋಣ."

ಇದನ್ನು ಓದುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ನೀವೂ ಮಗನದೋ ಮಗಳದೋ ಹೆಸರಲ್ಲಿ ಮನೆ, ಸೈಟು ಕೊಂಡಿದ್ದೀರಾ? ಅದು ಆ ಮಗುವಿಗೇ ಕೊಟ್ಟಿದ್ದೋ, ಎಲ್ಲರಿಗೂ ಸೇರಿದ್ದೋ, ಎಲ್ಲ ಮಕ್ಕಳನ್ನೂ ಎದುರು ಕೂರಿಸಿಕೊಂಡು ಹೇಳಿ. ತಿಳಿದವರನ್ನು ಕೇಳಿ ಪತ್ರ ಮಾಡಿಸಿ. ನಿಮ್ಮ ಮನಸ್ಸಿನಲ್ಲಿ ಏನಿತ್ತು ಅನ್ನೋದನ್ನ ನಿಮ್ಮ ಮಕ್ಕಳು ನಿಮ್ಮ ಬಾಯಿಂದಲೇ ಕೇಳಲಿ, ಯಾವುದೋ ವಕೀಲರ ವಾದದಲ್ಲಲ್ಲ.